ಹಾಸಿಗೆ ನಸ್ರುಲ್ಲಾ ಸಾಬರ ಸಾಕ್ಷಿ

ಶಿರಾದಲ್ಲಿ ಹಕ್ಕಿ ನೋಡುವವರ ಗುಂಪೊಂದಿದೆ ಎಂದರೆ ನಮ್ಮೂರಿನವರೇ ನಗುತ್ತಾರೆ. ನಗಲಿ ಬಿಡಿ, ಅವರ ಹಲ್ಲು, ಅವರ ಇಷ್ಟ. ಭಾನುವಾರ ಮುಸುಕು ಹಾಕಿ ಮಲಗುವವರಿಗೆ ಕೆರೆ ಏರಿಯ ಸುಖ ಏನು ಗೊತ್ತು? ಏರಿಯ ಒಂದು ಕಡೆ ಮನೆಗಳ ಹಿತ್ತಲು, ಒಣಹಾಕಿದ ಬಟ್ಟೆ, ಕೋಳಿ ಅಂಗಡಿಯವರು ಕದ್ದು ಸುರಿದು ಹೋದ ಪುಕ್ಕದ ಗುಡ್ಡೆ. ಇನ್ನೊಂದು ಕಡೆ ನೀರು, ಜಾಲಿ ಮರ, ಕೊಕ್ಕರೆ. ನನ್ನ ಹೆಸರು ಶಶಿರೇಖಾ, ಆಸ್ಪತ್ರೆಯಲ್ಲಿ ನರ್ಸ್. ವಾರವೆಲ್ಲ ಗಾಯ, ವಾಂತಿ, ಬೈಗುಳ ನೋಡಿದ ಕಣ್ಣಿಗೆ ವಾರಕ್ಕೊಮ್ಮೆಯಾದರೂ ಹಕ್ಕಿ ಬೇಕೇ ಬೇಕು.

ಗುಂಪು ಕಟ್ಟಿದವನು ಮೋಟಾರ್ ರಿಪೇರಿ ಅಂಗಡಿಯ ಗಂಗಾಧರ್. ಅದಕ್ಕೊಂದು ಕಾನೂನು ತಂದವರು ಮಾತ್ರ ನಸ್ರುಲ್ಲಾ ಸಾಬರು. ಬೂರುಗದ ಹತ್ತಿ ತುಂಬಿ ಹಾಸಿಗೆ ಹೊಲಿಯುವವರು. ನಮ್ಮ ತಾಲ್ಲೂಕಿನಲ್ಲಿ ಎಷ್ಟು ಮದುಮಕ್ಕಳು ಅವರ ಹಾಸಿಗೆಯ ಮೇಲೆ ಮಲಗಿದ್ದಾರೋ ದೇವರಿಗೇ ಗೊತ್ತು. ಬೆಳಗಿನ ನಮಾಜು ಮುಗಿಸಿ ಏರಿಯ ಮೇಲೆ ಕೂರುವುದು ಅವರ ಅಭ್ಯಾಸ. ನಾವು ಬೈನಾಕ್ಯುಲರ್ ಹಿಡಿದು ಹಾಗೆ ಹೀಗೆ ಹೊರಳುವುದನ್ನು ನೋಡಿ ನಕ್ಕವರು, ಆಮೇಲೆ ತಾವೇ ಸೇರಿಕೊಂಡರು. ಒಬ್ಬರು ಕಂಡೆ ಎಂದರೆ ಅದು ಲೆಕ್ಕಕ್ಕಿಲ್ಲ, ಇಬ್ಬರು ಕಾಣಬೇಕು. ಇದು ಅವರು ಹಾಕಿದ ಕಾನೂನು. "ಈದ್ ಚಾಂದ್‌ಗೆ ಇಬ್ರು ಗವಾಹಿ ಬೇಕು. ಹಕ್ಕಿ ಏನ್ ಚಂದ್ರನಿಗಿಂತ ದೊಡ್ಡದಾ?" ಎಂದಿದ್ದರು. ಗವಾಹಿ ಎಂದರೆ ಸಾಕ್ಷಿ. ಗುಂಪು ಆ ಕಾನೂನನ್ನು ಒಪ್ಪಿಕೊಂಡಿತು.

ಒಪ್ಪದೆ ಇರುವುದಾದರೂ ಹೇಗೆ? ಹುಡುಗನಾಗಿದ್ದಾಗಿನಿಂದ ರಂಜಾನ್ ಹಬ್ಬದ ಚಂದ್ರನನ್ನು ಊರಿನಲ್ಲಿ ಮೊದಲು ಕಾಣುತ್ತಿದ್ದವರು ಅವರೇ. ಮಸೀದಿಯ ಹಿರಿಯರು "ನಸ್ರುಲ್ಲಾ ಕಂಡನಾ?" ಎಂದು ಕೇಳದೆ ಹಬ್ಬ ಸಾರುತ್ತಿರಲಿಲ್ಲ. ಬೇರೆ ಆಸ್ತಿ ಏನಿತ್ತು ಅವರಿಗೆ? ಬಾಡಿಗೆ ಅಂಗಡಿ, ಎರಡು ಸೂಜಿ, ಈ ಒಂದು ಮರ್ಯಾದೆ.

ಆ ಕಣ್ಣು ಹೋಗುತ್ತಿರುವುದು ನನಗೊಬ್ಬಳಿಗೇ ಗೊತ್ತಿತ್ತು. ಸಕ್ಕರೆ ಕಾಯಿಲೆ. ಹಾಳಾದ್ದು ಯಾರನ್ನೂ ಬಿಡುವುದಿಲ್ಲ. ತುಮಕೂರಿನ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಇರುವುದನ್ನು ಉಳಿಸಿಕೊಳ್ಳಿ, ಹೋದದ್ದು ಬರುವುದಿಲ್ಲ ಎಂದುಬಿಟ್ಟರು. ಹೊಲಿಗೆಯನ್ನು ಬೆರಳೇ ಮಾಡುತ್ತಿತ್ತು, ದೂರದ್ದೆಲ್ಲ ಮಂಜು. ಬರುವಾಗ ಬಸ್ಸಿನಲ್ಲಿ, "ಸಿಸ್ಟರಮ್ಮ, ಯಾರ್ಗೂ ಹೇಳ್ಬೇಡಿ" ಎಂದು ಕೈ ಮುಗಿದರು. ರೋಗಿಯ ಗುಟ್ಟು, ಹೇಳುವುದುಂಟೇ? ಬಾಯಿಗೆ ಬೀಗ ಹಾಕಿಕೊಂಡೆ.

ಕಳೆದ ವರ್ಷ ಯುಗಾದಿಯೂ, ಸಂಜೆ ಚಂದ್ರನನ್ನು ಹುಡುಕುವ ರಂಜಾನಿನ ಇಪ್ಪತ್ತೊಂಬತ್ತನೇ ಉಪವಾಸವೂ ಒಂದೇ ಭಾನುವಾರ ಬಂದವು. ಎಣ್ಣೆಸ್ನಾನ, ಒಬ್ಬಟ್ಟು ಎಲ್ಲ ಆಮೇಲೆ, ಮೊದಲು ಕೆರೆ ಎಂದು ಗಂಗಾಧರ್ ಹಟ ಹಿಡಿದ. ಅವನು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತು ನಮ್ಮ ಕೆರೆಗೂ ಬಂದೇ ಬರುತ್ತದೆ ಎಂದು ಚಳಿಗಾಲವಿಡೀ ಕಾದಿದ್ದ, ಒಂದೂ ಕಂಡಿರಲಿಲ್ಲ. ಇನ್ನು ಅವು ವಾಪಸ್ಸು ಹೊರಡುವ ಕಾಲ.

ಸಾಬರು ಉಪವಾಸದಲ್ಲೇ ಬಂದರು. ನಡೆಯುತ್ತ ನಾನು ಮೆಲ್ಲಗೆ ಕೇಳಿದೆ, "ಸಂಜೆ ಚಂದ್ರನ್ನ ಕೇಳಿದ್ರೆ ಏನ್ ಮಾಡ್ತೀರಾ?"

"ಯಾರಾದ್ರೂ ಒಬ್ರು ಕಂಡೇ ಕಾಣ್ತಾರೆ ಸಿಸ್ಟರಮ್ಮ. ಪಕ್ಕದಾಗೆ ನಿಂತ್ಕಂಡು ನಾನೂ ಹೂಂ ಅಂತೀನಿ. ಚಂದ್ರ ಅಂತೂ ಇರ್ತಾನಲ್ಲ, ಅದ್ರಾಗೆ ಸುಳ್ಳೇನ್ ಬಂತು?"

ನನಗೆ ರೇಗಿತು. ಆದರೂ ದಾರಿಯಲ್ಲಿ ಕಲ್ಲು ಸಿಕ್ಕಾಗ ಅವರ ತೋಳು ಹಿಡಿದು ದಾಟಿಸಿದೆ.

ನಾನು ಮತ್ತು ಸಾಬರ ಅಣ್ಣನ ಮಗ ಇಜಾಜ್ ಸ್ವಲ್ಪ ಮುಂದೆ ಹೋಗಿದ್ದೆವು. ತೂಬಿನ ಹತ್ತಿರ ಗಂಗಾಧರ್, ಸಾಬರು ಇಬ್ಬರೇ. "ಬಂತು, ಬಂತು!" ಎಂದು ಗಂಗಾಧರ್ ಕೂಗಿದ. ನಾವು ತಿರುಗುವಷ್ಟರಲ್ಲಿ ಏನೋ ಒಂದು ಜಾಲಿಯ ಹಿಂದೆ ಮರೆಯಾಯಿತು.

"ಕಂಡ್ರಲ್ಲ ಸಾಬ್ರೆ? ತಲೆ ಮೇಲೆ ಎರಡು ಕರೀ ಪಟ್ಟೆ! ಹೇಳಿ ಇವ್ರಿಗೆ!"

ಸಾಬರು ಜಾಲಿಯ ಕಡೆಗೇ ಮುಖ ಮಾಡಿದ್ದರು. ಹೂಂ ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ಊರೇ ನಂಬುವ ಕಣ್ಣು ಅದು.

"ನಾನ್ ಕಾಣ್ಲಿಲ್ಲ ಗಂಗಾಧರಪ್ಪ."

"ಏನ್ ಹಿಂಗಂತೀರಾ! ನಿಮ್ ಮೂಗಿನ್ ಮುಂದೇನೇ ಹಾರೋಯ್ತು. ನಾನೇನ್ ಸುಳ್ಳು ಹೇಳ್ತಾ ಇದ್ದೀನಾ?"

"ನೀವ್ ಹೇಳ್ತಿರೋದು ನಿಜಾನೇ. ನಾನ್ ಹೂಂ ಅಂದ್ರೆ ಅದು ಸುಳ್ಳು." ನನ್ನ ಕಡೆ ತಿರುಗಿ ಹೇಳಿದರು, "ನಂಗೆ ದೂರದ್ದು ಕಾಣಲ್ಲ. ಬೋ ದಿನ ಆಯ್ತು. ಸಿಸ್ಟರಮ್ಮಂಗೆ ಗೊತ್ತು."

ಇಜಾಜ್ ಅವರ ತೋಳು ಹಿಡಿದುಕೊಂಡ. "ಚಾಚಾ, ಮತ್ತೆ ಸಂಜೆ ಚಾಂದ್?"

"ನಂದು ಮುಗೀತು ಬೇಟಾ. ಮಸೀದಿಲಿ ಹೇಳ್ಬುಡು."

ಗಂಗಾಧರ್ ಬೈನಾಕ್ಯುಲರ್ ಚೀಲಕ್ಕೆ ತುರುಕಿ, "ಹೂಂ ಅಂದಿದ್ರೆ ಇವ್ರ ಗಂಟೇನ್ ಹೋಗ್ತಿತ್ತು?" ಎಂದು ಗೊಣಗಿ ಸ್ಕೂಟರ್ ಹತ್ತಿ ಹೊರಟೇಬಿಟ್ಟ. ಸಾಬರು ತೂಬಿನ ಕಲ್ಲಿನ ಮೇಲೆ ಕುಳಿತರು. ನಾನು ಪಕ್ಕದಲ್ಲಿ ಕುಳಿತೆ. ಹಬ್ಬದ ದಿನ ಒಬ್ಬ ಮನುಷ್ಯನನ್ನು ಹಾಗೆ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಎಣ್ಣೆಸ್ನಾನ ಮಧ್ಯಾಹ್ನಕ್ಕೆ ಬಿತ್ತು, ಅತ್ತೆಯ ಕೈಲಿ ಬೈಸಿಕೊಂಡದ್ದೂ ಆಯಿತು.

ಸಂಜೆ ಏರಿಯ ಮೇಲೆ ಜಾತ್ರೆಯಷ್ಟು ಜನ. ಯುಗಾದಿ ಚಂದ್ರನಿಗೆ ನಾವು, ಈದಿನ ಚಂದ್ರನಿಗೆ ಅವರು, ಎಲ್ಲರ ಕತ್ತೂ ಪಡುವಣಕ್ಕೆ. ಪಡುವಣದಲ್ಲಿ ಮೋಡ. ಸಾಬರು ಬರುವುದಿಲ್ಲ ಎಂದುಕೊಂಡಿದ್ದೆ, ಬಂದಿದ್ದರು. ಗುಂಪಿನ ಹಿಂದೆ, ಯಾರೂ ಹೆಸರು ಹಿಡಿದು ಕರೆಯದ ಜಾಗದಲ್ಲಿ ನಿಂತಿದ್ದರು. ಆಚೆ ಗಂಗಾಧರ್, ಹೊಸ ಅಂಗಿ ಹಾಕಿಕೊಂಡು, ಮುಖ ಗಂಟು ಹಾಕಿಕೊಂಡು ನಿಂತಿದ್ದ.

ಮೋಡ ಒಂದು ಕ್ಷಣ ಬಿಟ್ಟು ಕೂಡಿಕೊಂಡಿತು. ಬೇಕರಿಯ ಮುಜಾಮಿಲ್, "ಕಂಡೆ!" ಎಂದು ಕೂಗಿದ. ಪಕ್ಕದಲ್ಲಿದ್ದ ಇಜಾಜ್, "ಹೂಂ, ನಾನೂ ಕಂಡೆ" ಎಂದ. ಇಬ್ಬರಾಯಿತು. ಜನ ಆಗಲೇ ಮುಬಾರಕ್ ಹೇಳತೊಡಗಿದರು.

ಮಸೀದಿಯ ಹಿರಿಯರು ಕೈ ಎತ್ತಿ ತಡೆದರು. "ನಸ್ರುಲ್ಲಾ ಎಲ್ಲಿ? ಅವ್ರನ್ನ ಕರೀರಿ."

"ನನ್ ಕಣ್ಣು ಹೋಗಿದೆ ಹಜರತ್. ಇಜಾಜ್ ಹೇಳ್ಲಿಲ್ವಾ?" ಎಂದರು ಸಾಬರು, ನಿಂತಲ್ಲಿಂದಲೇ.

"ಹೇಳ್ದ. ಅದಕ್ಕೇ ಕರೆದೆ. ಈ ಹುಡುಗ್ರನ್ನ ನೀವ್ ವಿಚಾರ್ಸಿ."

ಜನ ದಾರಿ ಬಿಟ್ಟರು. ಸಾಬರು ಮುಜಾಮಿಲನನ್ನು ಬದಿಗೆ ಕರೆದು ಕೇಳಿದರು, "ಕೊಂಬು ಯಾವ ಕಡೆ ಇತ್ತಪ್ಪ?" ಅವನು, "ಮ್ಯಾಕೆ ಚಾಚಾ, ತೊಟ್ಲು ಇದ್ದಂಗೆ" ಎಂದ. ತಲೆಯಾಡಿಸಿದರು. ಆಮೇಲೆ ಇಜಾಜ್. ಅದೇ ಪ್ರಶ್ನೆ. ಹುಡುಗ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಕಣ್ಣಲ್ಲಿ ನೀರು ಬಂತು.

"ಕಾಣ್ಲಿಲ್ಲ ಚಾಚಾ. ನಮ್ಮನೇ ಗವಾಹಿ ಈ ಸಲ ತಪ್ಪೋಗತ್ತಲ್ಲ ಅಂತ ಹೂಂ ಅಂದ್ಬುಟ್ಟೆ."

ಸಾಬರು ಬೈಯಲಿಲ್ಲ. ಅವನ ತಲೆಯನ್ನು ಎದೆಗೆ ಒತ್ತಿಕೊಂಡರು. "ಬೆಳಗ್ಗೆ ನಾನೂ ಇದೇ ಮಾಡೋನಿದ್ದೆ ಕಣೋ, ಅಳ್ಬೇಡ" ಎಂದವರು ತಿರುಗಿ ಗಟ್ಟಿಯಾಗಿ ಹೇಳಿದರು, "ಹಜರತ್, ಒಬ್ಬನೇ ಕಂಡಿರೋದು. ಇನ್ನೂ ಇಬ್ರಾಗಿಲ್ಲ."

ಇಡೀ ಏರಿ ಮತ್ತೆ ಪಡುವಣಕ್ಕೆ ತಿರುಗಿತು, ಮತ್ತೆ ಕಾದೆವು. ಬಾಳೆಹಣ್ಣು, ಖರ್ಜೂರ ಕೈಯಿಂದ ಕೈಗೆ ಹೋದವು, ಯಾರದು ಯಾರಿಗೆ ಎಂದು ನೋಡಲಿಲ್ಲ. ಕೊನೆಗೆ ಮೋಡ ಸರಿಯಿತು ನೋಡಿ, ಒಬ್ಬರಲ್ಲ, ಇಬ್ಬರಲ್ಲ, ಏರಿಗೆ ಏರಿಯೇ ಕೂಗಿಕೊಂಡಿತು. ನಾನೂ ಕೂಗಿದೆ, ನಾಚಿಕೆ ಯಾಕೆ?

ಆ ಗದ್ದಲದ ನಡುವೆ ಗಂಗಾಧರ್ ಜನರನ್ನು ನೂಕಿಕೊಂಡು ಬಂದು ಸಾಬರ ಪಕ್ಕ ನಿಂತ. ಬೈನಾಕ್ಯುಲರ್ ತೆಗೆದು ಕೊಡಲು ಹೋದವನು, ಏನೋ ಹೊಳೆದು, ಹಿಂದಕ್ಕೆ ತೆಗೆದುಕೊಂಡ. ಅವರ ಕೈ ಹಿಡಿದು ಚಂದ್ರನ ಕಡೆಗೆ ಚಾಚಿಸಿದ.

"ಇಲ್ಲೇ ಅವ್ನೆ ಸಾಬ್ರೆ. ಸಣ್ಣುಕ್, ಬೆಳ್ಳಿ ಎಳೆ ಇದ್ದಂಗೆ."

ಸಾಬರು ಅತ್ತ ಮುಖ ಮಾಡಿ ಬಹಳ ಹೊತ್ತು ನಿಂತರು. ಏನೂ ಕಾಣುತ್ತಿರಲಿಲ್ಲ ಎಂದು ನನಗೆ ಗೊತ್ತು, ಗಂಗಾಧರನಿಗೂ ಗೊತ್ತು.

"ನೀವ್ ಕಂಡ್ರಾ?" ಎಂದು ಕೇಳಿದರು.

"ಕಂಡೆ."

"ಹಂಗಾದ್ರೆ ನಂಗೆ ಹಬ್ಬ," ಎಂದು ಅವನನ್ನು ಅಪ್ಪಿಕೊಂಡರು.