ಮಸುಕು ಮಾಡಿ ಕಲಿಸುವ ಮಾಮಾ

ಬೆಳಗಿನ ಏಳಕ್ಕೆ ಇನ್ನೂ ಹತ್ತು ನಿಮಿಷವಿದೆ. ಮಹಾರಾಷ್ಟ್ರದ ಗಡಿಯೂರು ಜತ್ತದ ಒಂದು ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದ ಕಿಟಕಿಯಲ್ಲಿ ಇಪ್ಪತ್ತನಾಲ್ಕು ಗಾಜಿನ ಲೋಟಗಳು ಸಾಲಾಗಿವೆ. ಒಂದೊಂದರ ಬಾಯಿಗೂ ಒಂದೊಂದು ಉಳ್ಳಾಗಡ್ಡಿ ಕೂತಿದೆ, ಕೆಳಗೆ ನೀರಿಗೆ ಬಿಳಿ ಬೇರು ಇಳಿದಿದೆ. ಶ್ರೀಶೈಲಪ್ಪ ಒಂದೊಂದೇ ಗಡ್ಡೆ ಎತ್ತಿ, ಬೇರಿನ ತುದಿಯನ್ನಷ್ಟೇ ಬ್ಲೇಡಿನಿಂದ ಕೊಯ್ದು ಔಷಧದ ಬಾಟಲಿಗೆ ಹಾಕುತ್ತಿದ್ದಾರೆ. ಪಕ್ಕದಲ್ಲಿ ಮೊದಲ ವರ್ಷದ ವಿದ್ಯಾರ್ಥಿನಿ, ಸನಮಡಿಯ ಉಮಾಶ್ರೀ, ತಾನೂ ಒಂದು ಬ್ಲೇಡು ಹಿಡಿದಿದ್ದಾಳೆ. ನಾನು ಮಾತಿಗೆಳೆದರೆ ಶ್ರೀಶೈಲಪ್ಪ ಕೈ ಅಡ್ಡ ಮಾಡುತ್ತಾರೆ.

"ಸ್ವಲ್ಪ ತಡೀರಿ. ಬೆಳಿಗ್ಗೆನ ಇದು ಭಾಳ ಒಡೀತದ್ರಿ. ಬಿಸಲೇರಿತಂದ್ರ ಅಷ್ಟ ಸಿಗಂಗಿಲ್ಲ."

ಒಡೆಯುವುದು ಎಂದರೆ ಜೀವಕೋಶ ಒಂದಿದ್ದದ್ದು ಎರಡಾಗುವುದು. ಆ ಹೊತ್ತನ್ನು ಹಿಡಿಯಲೆಂದೇ ಅವರು ಉಟಗಿಯಿಂದ ನಸುಕಿನ ಮೊದಲ ಎಸ್‌ಟಿ ಬಸ್ಸು ಹತ್ತುತ್ತಾರೆ, ಅದೂ ಮೂವತ್ತೊಂದು ವರ್ಷದಿಂದ. ಹುದ್ದೆ ಪ್ರಯೋಗಾಲಯದ ಸಿಪಾಯಿ, ಅಂದರೆ ಜವಾನ. ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ ಹತ್ತರವರೆಗೆ, ಗಣಿತದಲ್ಲಿ ನಪಾಸು. ವಿದ್ಯಾರ್ಥಿಗಳಿಗೆಲ್ಲ ಅವರು ಮಾಮಾ. ಬಣ್ಣ ಕುಡಿದ ಬೇರನ್ನು ಗಾಜಿನ ಮೇಲೆ ಒತ್ತೀ ಒತ್ತೀ ಅವರ ಬಲಗೈ ಹೆಬ್ಬೆರಳು ಕೆಂಪಾಗಿದೆ, ತೊಳೆದರೂ ಹೋಗುವುದಿಲ್ಲ.

ಎಂಟಕ್ಕೆ ಮೊದಲ ತಂಡ ಬರುತ್ತದೆ, ಇಪ್ಪತ್ತೆರಡು ಮಂದಿ. ಸೂಕ್ಷ್ಮದರ್ಶಕಗಳು ಹನ್ನೊಂದೇ. ಆಮೇಲೆ ಮಾಮಾ ಮಾಡುವ ಕೆಲಸ ನೋಡಿ ನನಗೆ ತಲೆ ಕೆಟ್ಟಿತು. ಹುಡುಗಿಯೊಬ್ಬಳು ತಿರುಗಣಿ ತಿರುವೀ ತಿರುವೀ, ಬೆವರು ಒರೆಸಿಕೊಂಡು, ಅಂತೂ ಒಡೆಯುತ್ತಿರುವ ಕೋಶವೊಂದನ್ನು ಹುಡುಕಿ, ಚಿತ್ರ ಬರೆದು ಎದ್ದಳು. ಮಾಮಾ ಹಿಂದೆಯೇ ಹೋಗಿ ತಿರುಗಣಿಯನ್ನು ಗರ್ರನೆ ತಿರುಗಿಸಿ, ಗಾಜನ್ನೂ ಅತ್ತ ಸರಿಸಿ ಎಲ್ಲ ಮಸುಕು ಮಾಡಿಬಿಟ್ಟರು. ಮುಂದಿನವನು ಮೊದಲಿನಿಂದ ಹುಡುಕಬೇಕು. ದಿನಕ್ಕೆ ಮೂರು ತಂಡ, ಅಂದರೆ ಅರವತ್ತಾರು ಸಲ ಈ ಕಿತಾಪತಿ ನಡೆಯುತ್ತದೆ.

ಯಾಕೆ ಎಂದು ಕೇಳಿದೆ. ಗಾಜು ಒರೆಸುತ್ತಲೇ ತಾವು ಕೆಲಸಕ್ಕೆ ಸೇರಿದ ಎರಡನೇ ವರ್ಷದ ಮಾತು ತೆಗೆದರು. ಆಗ ಎಲ್ಲವನ್ನೂ ಅವರೇ ಸರಿಹೊಂದಿಸಿ ಇಡುತ್ತಿದ್ದರು, ವಿದ್ಯಾರ್ಥಿಗಳು ಬಂದು ಬಗ್ಗಿ ನೋಡಿದರೆ ಮುಗಿಯಿತು.

"ಒಂದಿನ ಗಡಬಡಿಯೊಳಗ ಗಾಳಿಗುಳ್ಳಿ ಮ್ಯಾಲ ಹಚ್ಚಿ ಇಟ್ಟಿದ್ನಿರಿ. ಬರೇ ಗುಳ್ಳಿ, ಒಳಗ ಏನೂ ಇಲ್ಲ. ಹತ್ತೊಂಬತ್ತ ಮಂದಿ ಬಗ್ಗಿ ನೋಡಿದ್ರು. ಹತ್ತೊಂಬತ್ತೂ ಮಂದಿ ವಹಿಯೊಳಗ ಪುಸ್ತಕದಾಗಿನ ಚಿತ್ರಾನ ಚಂದಂಗ ತಗದಿದ್ರು. ಮಾರ್ಕ್ಸೂ ಬಿದ್ವು. ಅವತ್ತ ನನಗ ರೊಟ್ಟಿ ಇಳೀಲಿಲ್ರಿ."

ಮರುದಿನದಿಂದ ಮಸುಕು ಮಾಡುವುದು ಶುರುವಾಯಿತು. "ತಾವ ಹುಡುಕಿದವ್ರು ಸುಳ್ಳ ಬರಿಯಂಗಿಲ್ಲ ನೋಡ್ರಿ," ಎನ್ನುತ್ತಾರೆ. ಒಮ್ಮೆ ಪರೀಕ್ಷೆಗೆ ಬಂದ ಹೊರಗಿನ ಸಾಹೇಬರೊಬ್ಬರು ಹನ್ನೊಂದೂ ಮಸುಕಾಗಿರುವುದನ್ನು ಕಂಡು, ಸಿಪಾಯಿಗೆ ಕೆಲಸದ ಮೇಲೆ ಲಕ್ಷ್ಯವಿಲ್ಲ ಎಂದು ನೋಟಿಸು ಕೊಡಿಸಿದರು. ಮಾಮಾ ಸಹಿ ಹಾಕಿ ಇಟ್ಟುಕೊಂಡರು. "ಅವರು ಬರದದ್ದು ಖರೇನ ಇತ್ತಲ್ರಿ, ಮಸಕ ಇದ್ವು," ಎಂದು ನಗುತ್ತಾರೆ.

ಈ ವರ್ಷ ವಿಶ್ವವಿದ್ಯಾಲಯ ಜೀವವಿಜ್ಞಾನ ವಿಭಾಗಗಳಿಗಾಗಿ ಉತ್ತಮ ಬೋಧನೆಯ ಪ್ರಶಸ್ತಿಯೊಂದನ್ನು ಘೋಷಿಸಿದೆ. ನಿಮಗೆ ಚೆನ್ನಾಗಿ ಕಲಿಸಿದವರು ಯಾರು ಎಂದು ವಿದ್ಯಾರ್ಥಿಗಳೇ ಬರೆದು ಕೊಡಬೇಕು. ಅರವತ್ತಾರು ಚೀಟಿಗಳಲ್ಲಿ ಐವತ್ತೆಂಟರಲ್ಲಿ ಇದ್ದದ್ದು 'ಮಾಮಾ' ಎಂದಷ್ಟೇ. ಪೂರ್ತಿ ಹೆಸರು ಯಾರಿಗೂ ಗೊತ್ತಿರಲಿಲ್ಲ, ವಿಭಾಗದ ಮುಖ್ಯಸ್ಥೆ ನಂದಾ ಮೇಡಂ ಹಾಜರಿ ಪುಸ್ತಕ ತರಿಸಿ ನೋಡಬೇಕಾಯಿತು.

"ಸುಳ್ಯಾಕ ಹೇಳ್ಲಿ, ಮೊದ್ಲ ನನಗ ಸಿಟ್ಟ ಬಂತು," ಎನ್ನುತ್ತಾರೆ ಡಫಳಾಪುರದ ನಂದಾ. "ಪಾಠಾ ಮಾಡಾಕಿ ನಾನು. ಆಮ್ಯಾಲ ನೆನಪಾತು, ಡಫಳಾಪುರದಿಂದ ಬಂದು ಇದ ಮೂಲ್ಯಾಗ ಕುಂತು, ಇದ ಮಾಮಾ ಮಸಕ ಮಾಡಿದ್ದನ್ನ ಹುಡುಕಿ ಹುಡುಕಿ ನಾನೂ ಕಲ್ತಾಕಿ."

ಅವರು ಶ್ರೀಶೈಲಪ್ಪನವರ ಹೆಸರನ್ನೇ ಕಳಿಸಿದರು. ಇವರು ಅಧ್ಯಾಪಕರಲ್ಲ, ಬೇರೆ ಹೆಸರು ಕಳಿಸಿ ಎಂಬ ಷರಾದೊಂದಿಗೆ ಅರ್ಜಿ ವಾಪಸು ಬಂತು. ಮೇಡಂ ತಮ್ಮ ಹೆಸರು ಬರೆಯಬಹುದಿತ್ತು. ಬದಲಿಗೆ ಐವತ್ತೆಂಟು ಚೀಟಿಗಳನ್ನೂ ಲಗತ್ತಿಸಿ ಅದೇ ಅರ್ಜಿಯನ್ನು ಮತ್ತೆ ಕಳಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ಮಾಮಾಗೆ ಚಿಂತೆ ಅದಲ್ಲ. ಮೇ ತಿಂಗಳ ಕೊನೆಗೆ ಅವರ ನಿವೃತ್ತಿ. ಆ ಜಾಗಕ್ಕೆ ಬೇರೆಯವರನ್ನು ತುಂಬುವುದಿಲ್ಲವಂತೆ. ಸಿದ್ಧ ಸ್ಲೈಡುಗಳ ಪೆಟ್ಟಿಗೆಯೊಂದು ಆಗಲೇ ಕಪಾಟಿಗೆ ಬಂದು ಕೂತಿದೆ. ಅದರೊಳಗಿನ ಕೋಶಗಳು ಮುಂಜಾನೆಗೆ ಕಾಯುವುದಿಲ್ಲ, ಯಾವ ಹೊತ್ತಿಗಾದರೂ ಅಚ್ಚುಕಟ್ಟಾಗಿ ಕಾಣಿಸುತ್ತವೆ.

"ಪ್ರಶಸ್ತಿ ಯಾರಿಗರ ಕೊಡ್ಲಿ ಬಿಡ್ರಿ. ನಾ ಹೋದ ಮ್ಯಾಲ ಈ ಕಿಡಕಿ ಖಾಲಿ ಆಗಬಾರದ್ರಿ. ಅದೊಂದ ಸಂಕಟ."

ನನ್ನನ್ನೂ ಒಂದು ಸ್ಟೂಲಿನ ಮೇಲೆ ಕೂರಿಸಿದರು. ಹನ್ನೆರಡು ನಿಮಿಷ ಮಂಜಿನಲ್ಲಿ ತಡಕಾಡಿದೆ. ಮಾಮಾ ತುಟಿ ಬಿಚ್ಚದೆ ಪಕ್ಕದಲ್ಲಿ ನಿಂತಿದ್ದರು. ಆಮೇಲೆ ಅದು ಸಿಕ್ಕಿತು. ಕೆಂಪು ಎಳೆಗಳು ಎರಡು ಪಾಲಾಗಿ ಆಚೆಗೊಂದು ಈಚೆಗೊಂದು ಸರಿದಿದ್ದವು, ನಡುವೆ ಬೆಳ್ಳನೆಯ ಅಂತರ. ನಾನೂ ಹೀಗೆಯೇ ಒಡೆದು ಒಡೆದು ಇಷ್ಟಾದವನು ಎನ್ನುವುದು ಹೊಳೆಯಿತು. ಕಾಲೇಜಿನಲ್ಲಿ ಈ ಚಿತ್ರವನ್ನು ನಾನೂ ಬರೆದವನೇ. ಕಣ್ಣಾರೆ ಕಂಡದ್ದು ಇವತ್ತೇ. ತಲೆ ಎತ್ತುವಷ್ಟರಲ್ಲಿ ಮಾಮಾನ ಕೈ ತಿರುಗಣಿಯ ಮೇಲಿತ್ತು.

ಅಷ್ಟರಲ್ಲಿ ಉಮಾಶ್ರೀ ಆಚೆ ಮೇಜಿನಿಂದ ಕರೆಯುತ್ತಾಳೆ. ಬೆಳಿಗ್ಗೆ ತಾನೇ ಕೊಯ್ದು, ತಾನೇ ಹೆಬ್ಬೆರಳಿನಿಂದ ಒತ್ತಿದ ಮೊದಲ ಸ್ಲೈಡು ಅದು. "ಮಾಮಾ, ಸಿಕ್ಕದ್ರಿ. ಬಂದ್ ನೋಡ್ರಿ." ಮಾಮಾ ಹೋಗಿ ಕಣ್ಣಿಡುತ್ತಾರೆ. ಏನೂ ಕಾಣುವುದಿಲ್ಲ. ಅವರು ಬರುವ ಮೊದಲೇ ಹುಡುಗಿ ಎಲ್ಲ ಮಸುಕು ಮಾಡಿಟ್ಟಿದ್ದಾಳೆ. ಈಗ ಕೈ ಕಟ್ಟಿಕೊಂಡು, ತುಟಿ ಬಿಚ್ಚದೆ, ಪಕ್ಕದಲ್ಲಿ ನಿಂತಿದ್ದಾಳೆ.

ಮಾಮಾ ಬಗ್ಗಿದವರು ಬಗ್ಗಿದಂತೆಯೇ ತಿರುಗಣಿ ತಿರುವುತ್ತಾರೆ. ಬಹಳ ಹೊತ್ತಿನ ಮೇಲೆ ಕೈ ನಿಲ್ಲುತ್ತದೆ. "ಸಿಕ್ತವ್ವಾ," ಎನ್ನುತ್ತಾರೆ. ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗುತ್ತಾರೆ.

"ಇನ್ನ ನಾ ರಿಟೈರ್ ಆದ್ರ ನಡೀತದ್ರಿ."