ಮಲಕವ್ವನ ಫೋನಿನೊಳಗೆ ತಿರುಗುತ್ತಿದ್ದ ಚಕ್ರ

ಮಲಕವ್ವನಿಗೆ ಫೋನು ಬೇಕಾಗಿದ್ದು ಮಾತನಾಡಲಿಕ್ಕಲ್ಲ, ನೋಡಲಿಕ್ಕೆ. ಅವಳ ಮಗಳು ಲಕ್ಷ್ಮಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ, ಮಾತೂ ಬರುವುದಿಲ್ಲ. ತಾಯಿ ಮಗಳು ಕೈಸನ್ನೆಯಲ್ಲೇ ಜಗಳವಾಡುತ್ತಾರೆ, ಕೈಸನ್ನೆಯಲ್ಲೇ ರಾಜಿಯಾಗುತ್ತಾರೆ. ಲಕ್ಷ್ಮಿಯನ್ನು ವಿಜಯಪುರದ ಹತ್ತಿರದ ಇಟ್ಟಂಗಿಹಾಳಕ್ಕೆ ಮದುವೆ ಮಾಡಿ ಕೊಟ್ಟ ಮೇಲೆ ಆ ಸನ್ನೆಗಳೆಲ್ಲ ವಿಡಿಯೋ ಕಾಲಿಗೆ ಬಂದವು. ನಮ್ಮೂರು ನಿಡೋಣಿಯಲ್ಲಿ ಮಲಕವ್ವನ ಮನೆಗೆ ಹೊಂದಿಕೊಂಡೇ ನನ್ನ ಹಿಟ್ಟಿನ ಗಿರಣಿ. ಸಂಜೆ ಗಿರಣಿ ನಿಲ್ಲಿಸಿ ಹೊರಗೆ ಬಂದರೆ, ಮಲಕವ್ವ ಕಟ್ಟೆಯ ಮೇಲೆ ಫೋನನ್ನು ತಂಬಿಗೆಗೆ ಆನಿಸಿಟ್ಟು ಎರಡೂ ಕೈ ಬೀಸುತ್ತ ಕೂತಿರುತ್ತಿದ್ದಳು. ಗೊತ್ತಿಲ್ಲದವರು ನೊಣ ಓಡಿಸುತ್ತಿದ್ದಾಳೆ ಅಂದುಕೊಳ್ಳಬೇಕು.

ಈ ಡಿಸೆಂಬರಿಗೆ ಲಕ್ಷ್ಮಿಗೆ ದಿನ ತುಂಬುತ್ತ ಬಂದಿತ್ತು. ಮೊದಲಿನ ಕೂಸು ಉಳಿದಿರಲಿಲ್ಲ. ಈ ಸಲ ವಿಜಯಪುರ ಬಿಟ್ಟು ದೂರ ಹೋಗಬೇಡ ಎಂದು ಡಾಕ್ಟರು ಹೇಳಿದ್ದರಿಂದ ತವರಿಗೆ ಕರೆತರುವಂತಿರಲಿಲ್ಲ. ಹೀಗಾಗಿ ದಿನಾ ಸಂಜೆ ಲಕ್ಷ್ಮಿ ತನ್ನ ಪಾದಗಳನ್ನು ಕ್ಯಾಮೆರಾಕ್ಕೆ ತೋರಿಸಬೇಕು, ಬಾವು ಬಂದಿದೆಯೋ ಇಲ್ಲವೋ ಮಲಕವ್ವ ನೋಡಬೇಕು. ಅಳಿಯ ಸುಭಾಷನಿಗೆ ಕಿವಿ, ಬಾಯಿ ಎರಡೂ ನೆಟ್ಟಗಿವೆ. ಫೋನ್ ಮಾಡಿ ಕೇಳಿದರೆ ಆರಾಮ ಇದ್ದಾಳೆ ಎನ್ನುತ್ತಾನೆ. ಹೋದ ಸಲ ಪಾದ ಬಾತಾಗಲೂ ಹಾಗೇ ಅಂದಿದ್ದ. ಕೆಟ್ಟವನಲ್ಲ, ಅವನ ಕಣ್ಣಿಗೆ ಎಲ್ಲವೂ ಆರಾಮವಾಗಿಯೇ ಕಾಣುತ್ತದೆ.

ಅಂಥದ್ದರಲ್ಲಿ ಹಳೆಯ ಫೋನು ಕುರಿಗಳಿಗೆ ನೀರಿಟ್ಟ ಬಾನಿಯಲ್ಲಿ ಬಿತ್ತು. ಗಂಡ ರಾಮಲಿಂಗ ಕುರಿ ಹೊಡೆದುಕೊಂಡು ಅಡವಿಯ ಕಡೆ ಹೋಗಿದ್ದ. ಮಲಕವ್ವ ಒಬ್ಬಳೇ ಟಿಕೋಟಾಕ್ಕೆ ಹೋಗಿ ದಾದಾಸಾಬನ ಅಂಗಡಿಯಿಂದ ಹೊಸದು ತಂದಳು. ಅದಕ್ಕೆ ದೇವರ ಭಂಡಾರದ ಅರಿಶಿನ ಹಚ್ಚಿ, ಊದಿನಕಡ್ಡಿ ಬೆಳಗಿ ನನ್ನ ಕೈಗೆ ಕೊಟ್ಟಳು. ನನ್ನದು ಬಟನ್ ಫೋನೇ ಆದರೂ ಅವಳ ಫೋನಿನ ಕಾರಭಾರವೆಲ್ಲ ನನ್ನದೇ.

ವಿಡಿಯೋ ಕಾಲಿನ ಆ್ಯಪ್ ಇಳಿಸಿಕೊಳ್ಳಲು ಒತ್ತಿದೆ. ಚಕ್ರ ತಿರುಗತೊಡಗಿತು. ಗಿರಣಿಗೆ ಬಂದ ಜೋಳವೆಲ್ಲ ಹಿಟ್ಟಾಗಿ ಅವರವರ ಮನೆಗೆ ಹೋಯಿತು, ಚಕ್ರ ತಿರುಗುತ್ತಲೇ ಇತ್ತು. ಗಿರಣಿಯ ಬೆಲ್ಟು ಜಾರಿದರೆ ನನಗೆ ಸಪ್ಪಳದಿಂದಲೇ ಗೊತ್ತಾಗುತ್ತದೆ. ಈ ಹಾಳಾದದ್ದಕ್ಕೆ ಸಪ್ಪಳವೇ ಇಲ್ಲ. ಆರಿಸಿ ಹೊತ್ತಿಸಿದೆ. ನೆಟ್ ಬಂದ್ ಮಾಡಿ ಚಾಲೂ ಮಾಡಿದೆ. ಸಿಮ್ ತೆಗೆದು ಸೆರಗಿನಿಂದ ಒರೆಸಿ ಹಾಕಿದೆ. ಎದುರುಮನೆಯ ಕರೆಪ್ಪ ಮಾಳಿಗೆ ಹತ್ತಿರಿ ಎಂದ, ಹತ್ತಿದೆವು. ಮಲಕವ್ವ ಫೋನನ್ನು ಆರತಿಯಂತೆ ಎತ್ತಿ ಎಲ್ಲ ದಿಕ್ಕಿಗೂ ತೋರಿಸಿದಳು. ಯಾವ ದಿಕ್ಕೂ ಒಲಿಯಲಿಲ್ಲ. ಕರೆಪ್ಪ ತನ್ನ ಫೋನಿನಿಂದಲೇ ಮಾಡಿಕೊಡುತ್ತೇನೆ ಎಂದರೆ ಮಲಕವ್ವ ಬೇಡವೆಂದಳು. ಬಸುರಿಯ ಪಾದ ಊರವರ ಫೋನಿನಲ್ಲಿ ಕಂಡರೆ ದೃಷ್ಟಿಯಾಗುತ್ತದಂತೆ.

ಫೋನು ಕೊಂಡ ಟಿಕೋಟಾದ ಅಂಗಡಿಗೇ ಹೋಗೋಣವೆಂದರೆ ಮಲಕವ್ವ ಒಪ್ಪಲಿಲ್ಲ, ಬಬಲೇಶ್ವರಕ್ಕೆ ಹೋದೆವು. ಅಲ್ಲಿ ಫೋನು ರಿಪೇರಿ ಮಾಡುವ ಆಫ್ತಾಬ ಒಂದು ಕೈಯಲ್ಲಿ ಇನ್ಯಾರದೋ ಫೋನು ಹಿಡಿದು, ಇನ್ನೊಂದರಲ್ಲಿ ನಮ್ಮದನ್ನು ಒತ್ತಿ, ಒಳಗಿನ ಹಳೆಯ ಕಸ ಅಳಿಸಿದ್ದೇನೆ, ಇನ್ನು ಇಳಿಯುತ್ತದೆ ಎಂದ. ಹೊಸ ಫೋನಿನಲ್ಲಿ ಹಳೆಯ ಕಸ ಎಲ್ಲಿಂದ ಬಂತೋ ನನಗೆ ತಿಳಿಯಲಿಲ್ಲ. ಆ್ಯಪ್ ಅಂತೂ ಇಳಿಯಲಿಲ್ಲ. ವೈಫೈ ಇದ್ದಲ್ಲಿ ಹೋಗಿರಿ ಎಂದು ಯಾರೋ ಹೇಳಿದರೆಂದು ಮರುದಿನ ವಿಜಯಪುರದ ಬಸ್ಸು ಹತ್ತಿ ಜೋರಾಪುರ ಪೇಟೆಯ ನನ್ನ ತಂಗಿಯ ಮನೆಗೆ ಹೋದೆವು. ಅಲ್ಲೂ ಅದೇ ಚಕ್ರ. ತಂಗಿ ಫೋನಿನಲ್ಲಿ ಜಾಗವಿಲ್ಲ ಎಂದಳು. ಅವಳ ಗಂಡ ಬೇಕಾದಷ್ಟಿದೆ, ಫೋನೇ ನಕಲಿ ಎಂದ. ಯಾರ ಮಾತು ನಂಬಬೇಕೋ ತಿಳಿಯದೆ ನಾನು ಎಲ್ಲರಿಗೂ ಹೂಂ ಎಂದೆ.

ಮಲಕವ್ವನ ಮುಖ ಸಣ್ಣದಾಗಿತ್ತು. ಮಗಳ ಪಾದ ನೋಡಿ ವಾರವಾಗಿತ್ತು. ಇಟ್ಟಂಗಿಹಾಳ ಇಲ್ಲೇ ಇದೆ, ಹೋಗಿಯೇ ನೋಡಿ ಬರೋಣ ಎಂದೆ. ಅವಳು ಮೀನಮೇಷ ಎಣಿಸಿದಳು. ಇದು ಶೂನ್ಯಮಾಸ, ಸಂಕ್ರಾಂತಿಯವರೆಗೆ ಯಾವ ಒಳ್ಳೆಯ ಕೆಲಸವನ್ನೂ ಶುರು ಮಾಡಬಾರದು, ಬಾಣಂತನ ಮಾಡಬೇಕಾದವಳು ಈಗ ಆ ಹೊಸ್ತಿಲು ತುಳಿಯಬಾರದು ಎಂಬುದು ಅವಳ ವಾದ. ಹೊಸ ಕಸಬರಿಗೆ ಹಿಡಿಯಲಿಕ್ಕೂ ವಾರ ನೋಡುವವಳು ಅವಳು. ನನಗೆ ಸಿಟ್ಟು ನೆತ್ತಿಗೇರಿತು. ರಟ್ಟೆ ಹಿಡಿದು ಆಟೋ ಹತ್ತಿಸಿದೆ.

ತಾಯಿಯನ್ನು ಕಂಡದ್ದೇ ಲಕ್ಷ್ಮಿ ಅತ್ತಳು, ಆಮೇಲೆ ಎರಡೂ ಕೈಯಲ್ಲಿ ಬೈದಳು. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಎಂಬುದು ನನಗೂ ತಿಳಿಯಿತು. ಮಲಕವ್ವ ಫೋನು ಮುಂದಿಟ್ಟಳು. ಲಕ್ಷ್ಮಿ ಚಕ್ರವನ್ನು ನೋಡಲೇ ಇಲ್ಲ. ತನ್ನ ಫೋನನ್ನು ತಂದು ಪಕ್ಕಕ್ಕಿಟ್ಟು, ಮೇಲಿನ ತಾರೀಕಿನ ಮೇಲೆ ಬೆರಳಿಟ್ಟಳು. ಅವಳದರಲ್ಲಿ ಡಿಸೆಂಬರು. ನಮ್ಮದರಲ್ಲಿ ಜನವರಿ ಮುಗಿಯುತ್ತ ಬಂದಿತ್ತು.

ಮಲಕವ್ವ ನೆಲ ನೋಡತೊಡಗಿದಳು. ಗದರಿಸಿ ಕೇಳಿದ ಮೇಲೆ ಬಾಯಿಬಿಟ್ಟಳು. ಶೂನ್ಯಮಾಸದಲ್ಲಿ ಹೊಸ ವಸ್ತು ಶುರು ಮಾಡುವಂತಿಲ್ಲ, ಸಂಕ್ರಾಂತಿಯವರೆಗೆ ಮಗಳನ್ನು ನೋಡದೆ ಇರುವಂತೆಯೂ ಇಲ್ಲ. ಅದಕ್ಕೆ ದಾದಾಸಾಬನಿಗೆ ದುಂಬಾಲು ಬಿದ್ದು, ಫೋನಿನೊಳಗಿನ ತಾರೀಕನ್ನು ಸಂಕ್ರಾಂತಿಯ ಆಚೆಗೆ ಇಡಿಸಿಕೊಂಡು ಬಂದಿದ್ದಳು.

“ಕೂಸಿಗೆ ಏನೂ ಆಗಬಾರದಂತ ಮಾಡೇನವ್ವಾ,” ಎಂದಳು.

ತಾರೀಕು ತಪ್ಪಿದ ಫೋನನ್ನು ಆ್ಯಪ್ ಕಳಿಸುವ ಕಡೆಯವರು ನಂಬುವುದಿಲ್ಲ, ಅದಕ್ಕೇ ಆ್ಯಪ್ ಕೊಡುತ್ತಿಲ್ಲ ಎಂದು ಸುಭಾಷ ವಿವರಿಸಿದ. ಲಕ್ಷ್ಮಿ ತಾರೀಕು ತಿದ್ದಲು ಹೋದಳು. ಮಲಕವ್ವ ಅವಳ ಮಣಿಕಟ್ಟು ಹಿಡಿದಳು. ಬೇಡ, ಸಂಕ್ರಾಂತಿ ಆಗಲಿ ಎಂದು ಸನ್ನೆ ಮಾಡಿದಳು. ನನಗೆ ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ.

ಲಕ್ಷ್ಮಿ ಆ ಕೈಯನ್ನು ಬಿಡಿಸಿ ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ತನ್ನ ಫೋನಿನ ಕ್ಯಾಲೆಂಡರಿನಲ್ಲಿ ಡಾಕ್ಟರು ಹೇಳಿದ ದಿನವನ್ನು ತೋರಿಸಿದಳು. ಅದು ಸಂಕ್ರಾಂತಿಗಿಂತ ಮೊದಲೇ ಇತ್ತು. ಆಮೇಲೆ ಎರಡೂ ಅಂಗೈಗಳಿಂದ ಹೊಟ್ಟೆಯನ್ನು ಆಚೆ ತಳ್ಳುವಂತೆ ಮಾಡಿ, ಹುಬ್ಬು ಏರಿಸಿ ತಾಯಿಯನ್ನು ನೋಡಿದಳು. ಇದನ್ನೂ ಮುಂದಕ್ಕೆ ಹಾಕಲೇ? ಸನ್ನೆ ಬಾರದ ನನಗೂ ಅದು ನೇರವಾಗಿ ಎದೆಗೆ ಬಂತು. ಮಲಕವ್ವ ಫೋನನ್ನು ತಾನೇ ಮಗಳ ಮುಂದೆ ಸರಿಸಿದಳು.

ತಾರೀಕು ತಿದ್ದಿದ್ದೇ ತಡ, ಆ್ಯಪ್ ಸರಸರನೆ ಇಳಿಯಿತು. ಬಂತು ಬಂತು ಎಂದು ನಾನು ತೋರಿಸಿದರೆ ಮಲಕವ್ವ ಈ ಕಡೆ ನೋಡಲಿಲ್ಲ. ಅವಳು ನೆಲಕ್ಕೆ ಕೂತು ಮಗಳ ಪಾದವನ್ನು ತೊಡೆಯ ಮೇಲೆ ಎತ್ತಿಕೊಂಡಿದ್ದಳು. ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಒತ್ತಿದಲ್ಲಿ ಕುಣಿ ಬಿದ್ದು ಹಾಗೇ ಉಳಿಯಿತು. ಇನ್ನೊಂದು ಪಾದವೂ ಹಾಗೇ. ದವಾಖಾನೆಗೆ ಗಾಡಿ ತೆಗೆ ಎಂದು ಸುಭಾಷನಿಗೆ ಹೇಳಿದಳು. ಅವನು ಆರಾಮ ಎನ್ನಲು ಬಾಯಿ ತೆರೆದವನು ಅತ್ತೆಯ ಮುಖ ನೋಡಿ ಕೀಲಿಕೈ ಹುಡುಕಲು ಓಡಿದ.

ಮಲಕವ್ವ ಮಗಳ ತಲೆಗೆ ಸೆರಗು ಹೊದಿಸುತ್ತ ನನ್ನ ಕಡೆ ತಿರುಗಿದಳು.

“ಫೋನ್ ನೀ ಒಯ್ಯವ್ವಾ. ನಾ ಇಲ್ಲೇ ಇರತೇನಿ.”