ಬಂದರಿನ ಮಿಸ್ಸಮ್ಮ

ಅವರ ಕತ್ತಿನ ಹಿಂಭಾಗ ಬಿಸಿಲಿಗೆ ಬೆಂದು ಹಂಚಿನ ಬಣ್ಣಕ್ಕೆ ತಿರುಗಿತ್ತು. ಕಾಲರು ಸ್ವಲ್ಪ ಜಾರಿದರೆ ಕೆಳಗೆ ಬಿಳಿ ಚರ್ಮ ಕಾಣುತ್ತಿತ್ತು, ನಡುವೆ ಗೆರೆ ಎಳೆದ ಹಾಗೆ. ಬೋರ್ಡಿನ ಮೇಲೆ ಬರೆಯಲು ಅವರು ಬೆನ್ನು ತಿರುಗಿಸಿದಾಗಲೆಲ್ಲ ನಾನು ಅಕ್ಷರ ಬಿಟ್ಟು ಆ ಗೆರೆಯನ್ನೇ ನೋಡುತ್ತಿದ್ದೆ. ಯಾರಾದರೂ ಛತ್ರಿ ಕೊಟ್ಟರೆ ಎರಡೇ ದಿನಕ್ಕೆ ಅದು ಮೀನು ಮಾರುವ ಯಾವಳೋ ಒಬ್ಬಳ ಕೈ ಸೇರಿರುತ್ತಿತ್ತು.

ಮಂಗಳೂರು ಬಂದರಿನ ಜನ ಅವರನ್ನು ಮಿಸ್ಸಮ್ಮ ಎನ್ನುತ್ತಿದ್ದರು. ಅಮೆರಿಕದ ಯಾವುದೋ ಸಣ್ಣ ಊರಿನ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದ ಸಭೆ ಅವರನ್ನು ಇಲ್ಲಿಗೆ ಕಳಿಸಿತ್ತು. ಕೊಬ್ಬರಿ ಗೋದಾಮೊಂದರ ಮಾಳಿಗೆಯಲ್ಲಿ ಹುಡುಗಿಯರಿಗಾಗಿ ಅವರ ಶಾಲೆ. ಬಾಡಿಗೆ, ಸ್ಲೇಟು, ಅವರ ಅನ್ನ ಎಲ್ಲಕ್ಕೂ ಆ ಸಭೆಯೇ ಆಧಾರ. ನನ್ನ ಅಪ್ಪ ಮಂಜಿಯ ತಂಡೇಲ. ಹಂಚು ಹೇರಿಕೊಂಡು ಮುಂಬಯಿಗೆ ಹೋಗುವ ಹಾಯಿಹಡಗಿನ ಯಜಮಾನಿಕೆ ಅವರದು. ನಮ್ಮದು ದೈವ-ಭೂತಗಳನ್ನು ನಂಬುವ ಮನೆ. ಆದರೂ ಅಪ್ಪ, "ಓದ್ಲಿಕ್ಕೆ ಕಲೀಲಿ, ದೇವರ ವಿಷಯ ಆಮೇಲೆ ನೋಡುವ" ಎಂದು ನನ್ನನ್ನು ಅಲ್ಲಿಗೆ ಸೇರಿಸಿದರು.

ಮಿಸ್ಸಮ್ಮ ಕನ್ನಡವನ್ನು ಪುಸ್ತಕದಿಂದ ಕಲಿತವರು, ತುಳುವನ್ನು ಮೀನು ಮಾರುಕಟ್ಟೆಯಿಂದ. "ಮಕ್ಕಳೇ, ದಯವಿಟ್ಟು ಮೌನವನ್ನು ತಾಳಿರಿ" ಎಂದು ಕನ್ನಡದಲ್ಲಿ ಬೇಡಿಕೊಳ್ಳುವರು. ನಾವು ಕೇಳದಿದ್ದರೆ ತುಳುವಿನಲ್ಲಿ ಒಂದು ಮಾತು ಬರುತ್ತಿತ್ತು. ಅದರ ಅರ್ಥ ಅವರಿಗೆ ಪೂರ್ತಿ ಗೊತ್ತಿರಲಿಲ್ಲವೆಂದೇ ನನ್ನ ನಂಬಿಕೆ.

ವರ್ಷಕ್ಕೊಮ್ಮೆ ಅವರ ಸಭೆಯ ಹೆಂಗಸರು ಹೆಣೆದ ಉಣ್ಣೆಯ ಕಾಲುಚೀಲಗಳ ಕಟ್ಟು ಬರುತ್ತಿತ್ತು. ಮಂಗಳೂರಿನ ಸೆಕೆಗೆ ಉಣ್ಣೆ! ಮಿಸ್ಸಮ್ಮ ನಗಲಿಲ್ಲ. ಅಪ್ಪನ ಮಂಜಿಯ ಖಲಾಸಿಗಳಿಗೆ ಅವನ್ನು ಹಂಚಿ, ನಡುಗಡಲಿನ ಚಳಿಗೆ ಒಳ್ಳೆಯ ಉಪಯೋಗವಾಯಿತೆಂದು ಉತ್ತರ ಬರೆದರು. ಅದು ನಿಜವೇ ಆಗಿತ್ತು. ನಿಜವಲ್ಲದ್ದನ್ನು ಬರೆಯಲು ಅವರಿಗೆ ಬರುತ್ತಿರಲಿಲ್ಲ.

ಸಭೆಗೆ ಬೇಕಾಗಿದ್ದದ್ದು ಮಾತ್ರ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರ ಹೆಸರು. ಬಂದರಿನಲ್ಲಿ ಅದಕ್ಕೆ ಯಾರೂ ಮುಂದೆ ಬರುತ್ತಿರಲಿಲ್ಲ. ಕೊನೆಗೊಮ್ಮೆ ಒಬ್ಬ ವಿಧವೆ ಒಪ್ಪಿದಳು. ಅವರ ಪಂಗಡದ ರೀತಿಯಂತೆ ನದಿಯಲ್ಲಿ ಮುಳುಗಿಸಿ ದೀಕ್ಷೆ ಕೊಡಲು ಮದರಾಸಿನ ಕಡೆಯಿಂದ ಒಬ್ಬ ಪಾದ್ರಿ ಬಂದರು. ಹಾಡು ಹೇಳಲೆಂದು ಮಿಸ್ಸಮ್ಮ ನಮ್ಮನ್ನೂ ಕೂಳೂರಿನ ಹೊಳೆಬದಿಗೆ ಕರೆದುಕೊಂಡು ಹೋದರು. ಪಾದ್ರಿ ಸೊಂಟದವರೆಗೆ ನೀರಿಗಿಳಿದಾಗಿತ್ತು. ದಡದಲ್ಲಿ ಆ ಹೆಂಗಸು ನಡುಗುತ್ತಿದ್ದಳು. ಮಿಸ್ಸಮ್ಮ ಅವಳ ಕೈ ಹಿಡಿದು ಕೇಳಿದರು: "ನಿಜ ಹೇಳು. ಏಕೆ ಬಂದೆ? ವಿಶ್ವಾಸದಿಂದಲೋ, ಹಸಿವಿನಿಂದಲೋ?"

ಅವಳು ತಲೆ ತಗ್ಗಿಸಿದಳು. "ಹಸಿವು ಅಮ್ಮ. ಮನೆಯಲ್ಲಿ ಎಂತದೂ ಇಲ್ಲ."

"ಹಾಗಾದರೆ ಅಕ್ಕಿ ಕೊಡುತ್ತೇನೆ. ನೀರು ಬೇಡ."

ಪಾದ್ರಿ ಒದ್ದೆ ಬಟ್ಟೆಯಲ್ಲೇ ಗಾಡಿ ಹತ್ತಿದರು. ಆ ವರ್ಷದ ಪತ್ರದಲ್ಲಿ ಮಿಸ್ಸಮ್ಮ ಇದನ್ನೂ ನಡೆದ ಹಾಗೆಯೇ ಬರೆದರು.

ಮುಂದಿನ ವರ್ಷ ಸಭೆಯಿಂದ ಬೇಡಿಕೆ ಬಂತು: ಮಕ್ಕಳ ಫೋಟೋ ಕಳಿಸಿ, ಅವರು ನಿತ್ಯ ಹೇಗಿರುತ್ತಾರೋ ಹಾಗೆ, ಕಣ್ಣಾರೆ ಕಂಡರೆ ಜನ ಕೈಬಿಚ್ಚಿ ಕೊಡುತ್ತಾರೆ. "ನಾಳೆ ದಿನನಿತ್ಯದ ಬಟ್ಟೆಯಲ್ಲೇ ಬನ್ನಿ" ಎಂದು ಮಿಸ್ಸಮ್ಮ ನಮಗೆ ಎರಡು ಸಲ ಹೇಳಿದರು.

"ಫೋಟೋಕ್ಕೆ ಮಗಳನ್ನು ಬೋಳು ಕುತ್ತಿಗೆಯಲ್ಲಿ ಕಳಿಸ್ಲಿಕ್ಕುಂಟಾ? ಊರವರು ಎಂತ ಹೇಳಿಯಾರು?" ಎಂದಳು ನನ್ನ ಅಮ್ಮ. ಪಕ್ಕದ ಮನೆಯಿಂದ ಚಿನ್ನದ ಸರ ಎರವಲು ತಂದಳು. ಬೆಳಿಗ್ಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹಾಕಿ, ಮಲ್ಲಿಗೆ ಮುಡಿಸಿದಳು. ಮಾಳಿಗೆ ಹತ್ತಿ ನೋಡಿದರೆ ಎಲ್ಲರ ಅಮ್ಮಂದಿರೂ ಹಾಗೆಯೇ ಮಾಡಿದ್ದರು. ಜರಿಯ ಲಂಗ, ಬಳೆ, ಬೆಂಡೋಲೆ. ಮದುವೆಗೆ ಹೊರಟ ದಿಬ್ಬಣದ ಹಾಗಿದ್ದೆವು.

ಫೋಟೋದವನು ಅನುಭವಸ್ಥ. "ಮಿಸ್ಸಮ್ಮ, ಆ ಚಿನ್ನ ಎಲ್ಲ ತೆಗೆಸಿ, ತಲೆ ಒಂದಿಷ್ಟು ಕೆದರಿಸಿದ್ರೆ ಆಯ್ತಲ್ಲ? ಬೇರೆ ಕಡೆಯೆಲ್ಲ ಹಾಗೇ ಮಾಡಿಸೋದು ಮಾರಾಯ್ರೆ."

ಮಿಸ್ಸಮ್ಮ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ನನ್ನ ಹತ್ತಿರ ಬಂದು ಜಾರಿದ ಹೂವನ್ನು ಸರಿಮಾಡಿದರು. "ಇದು ಇವರ ತಾಯಂದಿರು ಬಾಚಿದ ತಲೆ. ನಾನು ಕೆದರಿಸಲಾರೆ. ತೆಗೆಯಿರಿ" ಎಂದರು.

ಉತ್ತರ ಬರುವ ಹೊತ್ತಿಗೆ ಮಳೆಗಾಲ ಕಳೆದಿತ್ತು. ನಾನು ದೊಡ್ಡ ತರಗತಿಗೆ ಬಂದಿದ್ದೆ. ಇಂಗ್ಲಿಷ್ ಕಲಿಸಲು ಪುಸ್ತಕಗಳು ಸಾಲದೆ ಅವರು ತಮ್ಮ ಊರಿನಿಂದ ಬಂದ ಪತ್ರಗಳನ್ನೇ ನನ್ನಿಂದ ಓದಿಸುತ್ತಿದ್ದರು. ಅವರ ಕಣ್ಣೂ ಮಂಜಾಗುತ್ತಿತ್ತು. ಆ ದಿನ ಲಕೋಟೆ ಒಡೆದದ್ದು ನಾನೇ. ಎಡವುತ್ತ, ತಡವರಿಸುತ್ತ ಗಟ್ಟಿಯಾಗಿ ಓದಿದೆ. ಒಂದು ಉದ್ದನೆಯ ಪದ ತಿಳಿಯಲಿಲ್ಲ.

"ಇದಕ್ಕೆ ಎಂತ ಅರ್ಥ ಮಿಸ್ಸಮ್ಮ?"

"ಹಿಂತೆಗೆದುಕೊಳ್ಳುವುದು" ಎಂದರು. "ಮುಂದೆ ಓದು."

ಮಂಗಳೂರಿನ ಮಕ್ಕಳು ಸುಖವಾಗಿರುವುದನ್ನು ಫೋಟೋದಲ್ಲಿ ಕಂಡು ಸಭೆಗೆ ಸಂತೋಷವಾಗಿತ್ತು. ಇನ್ನು ಮುಂದೆ ಅವರ ನೆರವು ಹೆಚ್ಚು ಬಡ ನಾಡುಗಳಿಗೆ ಹೋಗಲಿತ್ತು. ಮಿಸ್ಸಮ್ಮ ಮರಳಿ ಬರುವುದಾದರೆ ಹಡಗಿನ ಟಿಕೆಟು ಕಳಿಸುತ್ತಾರಂತೆ. ನಾನು ಓದಿ ಮುಗಿಸಿದೆ. ಅವರು ಎರಡು ಉಚ್ಚಾರಣೆ ತಿದ್ದಿ, ಪತ್ರ ಮಡಿಸಿಟ್ಟರು.

ಟಿಕೆಟು ಅವರು ಬೇಡವೆಂದರು. ಬಾಡಿಗೆ ನಿಂತು ಮಾಳಿಗೆಗೆ ಮತ್ತೆ ಕೊಬ್ಬರಿ ಬಂತು. ಸ್ವಲ್ಪ ಕಾಲ ನಮ್ಮ ಜಗಲಿಯಲ್ಲಿ ಪಾಠ ನಡೆಯಿತು. ಹುಡುಗಿಯರು ಒಬ್ಬೊಬ್ಬರಾಗಿ ಬಿಟ್ಟರು. ಕೆಲವರಿಗೆ ಮದುವೆಯಾಯಿತು, ಕೆಲವರು ಹಂಚಿನ ಕಾರ್ಖಾನೆಗೆ ಹೋದರು, ಉಳಿದವರು ಮಡಿಲಿನಲ್ಲಿ ಸೂಪಿನ ತಟ್ಟೆ ಇಟ್ಟುಕೊಂಡು ಬೀಡಿ ಕಟ್ಟಲು ಕುಳಿತರು. ಒಂದು ಮಧ್ಯಾಹ್ನ ಅವರ ಎದುರು ನಾನೊಬ್ಬಳೇ ಕುಳಿತಿದ್ದೆ. "ನನ್ನಿಂದ ಇಲ್ಲಿ ಏನಾಯಿತು, ಹೇಳು" ಎಂದರು. ನಾನು ಸ್ಲೇಟು ಒರೆಸತೊಡಗಿದೆ. ಅವರಿಗೆ ಕೋಪ ಬರಲಿಲ್ಲ, ಪುಸ್ತಕ ತೆಗೆ ಎಂದರು.

ಮಹಾಯುದ್ಧ ಶುರುವಾದ ಮರುವರ್ಷ, ಮಳೆ ಸುರಿಯುವ ಆಟಿ ತಿಂಗಳಲ್ಲಿ ಅವರಿಗೆ ಜ್ವರ ಬಂತು. ಅಮ್ಮ ಗಂಜಿ ಕುಡಿಸಿದಳು, ಅಪ್ಪ ಡಾಕ್ಟರನ್ನು ಕರೆತಂದರು. ಐದನೆಯ ದಿನ ಅವರು ಯಾವ ಭಾಷೆಯಲ್ಲೂ ಮಾತಾಡಲಿಲ್ಲ. ಆರನೆಯ ದಿನ ಹೋದರು.

ಹೂಳುವುದಕ್ಕೂ ಜಾಗವಿರಲಿಲ್ಲ. ಊರಿನ ಒಂದು ಚರ್ಚಿನವರು ಅವರ ಹೆಸರು ನಮ್ಮ ಪುಸ್ತಕದಲ್ಲಿಲ್ಲ ಎಂದರು. ಇನ್ನೊಬ್ಬರು, ಮುಳುಗಿಸುವ ಮತದವರು ಬೇರೆ ಎಂದರು. ಮಳೆಯಲ್ಲಿ ನಿಂತು ಅಪ್ಪ ಕೇಳಿದರು, "ಸತ್ತವರಿಗೆ ಎಂತ ಮತ ಸ್ವಾಮೀ?" ಸಂಜೆಗೆ ಗೋಡೆಯ ಬದಿಯ ಒಂದು ಮೂಲೆ ಸಿಕ್ಕಿತು. ಹೊತ್ತದ್ದು ಖಲಾಸಿಗಳು. ಹಿಂದೆ ಮೀನಿನ ಹೆಂಗಸರು ಬಂದರು. ಮಿಸ್ಸಮ್ಮನ ಮತದ ಸಾವಿನ ಹಾಡು ಯಾರಿಗೂ ಬರುತ್ತಿರಲಿಲ್ಲ, ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದೆವು.

ಅವರ ಊರಿನ ಸಭೆಗೆ ಸುದ್ದಿ ತಿಳಿಸುವ ಕೆಲಸ ನನ್ನದಾಯಿತು. ನಮ್ಮ ಕೇರಿಯಲ್ಲಿ ಇಂಗ್ಲಿಷ್ ಬರೆಯಲು ಬರುತ್ತಿದ್ದವಳು ನಾನೊಬ್ಬಳೇ. ಅವರ ಕೊನೆಯ ದಿನಗಳನ್ನೆಲ್ಲ ಬರೆದು, ಅವರಿಗೆ ಅಲ್ಲಿ ಬಂಧುಗಳು ಯಾರಾದರೂ ಇದ್ದರೆ ತಿಳಿಸಿ ಎಂದು ಕೇಳಿದ್ದೆ. ಬಹಳ ತಿಂಗಳ ಮೇಲೆ ಅಚ್ಚು ಹಾಕಿದ ಒಂದು ಕಾರ್ಡು ಬಂತು: ತಮ್ಮ ಪತ್ರ ತಲುಪಿದೆ, ಮಂಗಳೂರಿನ ಸೇವಾಕ್ಷೇತ್ರ ಈಗ ನಮ್ಮ ಜವಾಬ್ದಾರಿಯಲ್ಲಿಲ್ಲ. ಕೆಳಗೆ ಯಾರ ಸಹಿಯೂ ಇರಲಿಲ್ಲ.

ಅಪ್ಪ ಆಗ ತಾನೇ ಮಂಜಿಯಿಂದ ಇಳಿದು ಬಂದಿದ್ದರು. ಕಾಲು ತೊಳೆಯುತ್ತ ಕೇಳಿದರು: "ಎಂತ ಬರೆದಿದ್ದಾರೆ?"

"ಇಡೀ ಸಭೆ ಅತ್ತಿತಂತೆ" ಎಂದೆ. "ಅವರ ಹೆಸರಲ್ಲಿ ಪ್ರಾರ್ಥನೆ ಮಾಡಿದರಂತೆ."

"ಹಾಂ. ಹಾಗಾದ್ರೆ ಸರಿ" ಎಂದು ಅಪ್ಪ ಒಳಗೆ ಹೋಗಿ, ಅದನ್ನೇ ಅಮ್ಮನಿಗೆ ಹೇಳಿದರು.